ಬಾಂಬ್ ಎಷ್ಟು ಆಳಕ್ಕೆ ಇಳಿಯುತ್ತದೆ? ಮಣ್ಣನ್ನು ಕೇಳಬೇಕು

1940ರ ಸೆಪ್ಟೆಂಬರ್ 12ರ ಮುಂಜಾವಿನಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಪಕ್ಕದ ರಸ್ತೆಗೆ ಜರ್ಮನ್ ಬಾಂಬೊಂದು ಬಿತ್ತು. ಸಿಡಿಯಲಿಲ್ಲ. ರಸ್ತೆಯಲ್ಲಿ ತೂತು ಬಿಟ್ಟು ಒಳಗಿಳಿಯಿತು. ಲೆಫ್ಟಿನೆಂಟ್ ರಾಬರ್ಟ್ ಡೇವಿಸ್ ಮತ್ತು ಅವರ ಸ್ಯಾಪರ್ (ಸೇನಾ ಎಂಜಿನಿಯರಿಂಗ್ ದಳದ ಸೈನಿಕರ) ತಂಡ ಅಗೆಯತೊಡಗಿತು. ನೆಲದಡಿ ಗ್ಯಾಸ್ ಕೊಳವೆ ಒಡೆದಿತ್ತು. ಅಗೆಯುವವರ ತಲೆ ಸುತ್ತಿತು, ಬೆಂಕಿಯೂ ಹೊತ್ತಿಕೊಂಡಿತು. ಮೂರು ದಿನ ಅಗೆದ ಮೇಲೆ ಬಾಂಬ್ ಸಿಕ್ಕಿದ್ದು ಸುಮಾರು 27 ಅಡಿ ಆಳದಲ್ಲಿ. ಅದನ್ನು ಮೇಲೆತ್ತಿ, ಲಾರಿಗೆ ಹೇರಿ, ಡೇವಿಸ್ ತಾವೇ ಲಾರಿ ಓಡಿಸಿಕೊಂಡು ಪೂರ್ವ ಲಂಡನ್ನಿನ ಹ್ಯಾಕ್ನಿ ಮಾರ್ಷಸ್ ಎಂಬ ಜೌಗು ಬಯಲಿಗೆ ಹೋದರು. ಅಲ್ಲಿ ಸಿಡಿಸಿದಾಗ ಬಿದ್ದ ಕುಳಿ ನೂರು ಅಡಿ ಅಗಲವಿತ್ತು. ಡೇವಿಸ್ ಮತ್ತು ಸ್ಯಾಪರ್ ಜಾರ್ಜ್ ವೈಲಿ ಇಬ್ಬರಿಗೂ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಸಂದಿತು.

ಇದನ್ನು ಧೈರ್ಯದ ಕಥೆಯಾಗಿ ಹೇಳುವುದು ವಾಡಿಕೆ. ಹಾಗೆ ಹೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಆ 27 ಅಡಿಯ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಹತ್ತೇ ಅಡಿಗೆ ಏಕೆ ನಿಲ್ಲಲಿಲ್ಲ? ಐವತ್ತಕ್ಕೆ ಏಕೆ ಹೋಗಲಿಲ್ಲ? ಸಿಡಿಯದ ಬಾಂಬನ್ನು ಹುಡುಕುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಎಷ್ಟು ಅಗೆಯಬೇಕು, ಎಷ್ಟು ಜನರನ್ನು ಮನೆ ಬಿಡಿಸಬೇಕು, ಎಲ್ಲಿಗೆ ಬಂದ ಮೇಲೆ ಹುಡುಕಾಟ ನಿಲ್ಲಿಸಬಹುದು, ಎಲ್ಲಕ್ಕೂ ಉತ್ತರ ಈ ಆಳದಲ್ಲೇ ಇದೆ. ಆ ಆಳದ ಮೇಲೆ ಬಾಂಬಿನ ತೂಕಕ್ಕಿರುವ ಹಿಡಿತಕ್ಕಿಂತ ಅದು ಬಿದ್ದ ನೆಲಕ್ಕಿರುವ ಹಿಡಿತ ಹೆಚ್ಚು.

ಲಂಡನ್ನಿನ ಮೇಲೆ ಬಿದ್ದ ಬಾಂಬುಗಳಲ್ಲಿ ಹತ್ತರಲ್ಲಿ ಒಂದು ಸಿಡಿಯಲಿಲ್ಲ ಎಂಬುದು ಸಾಮಾನ್ಯ ಅಂದಾಜು. ಅವನ್ನು ಅಗೆದು ತೆಗೆದ ತಂಡಗಳು ಪ್ರತಿ ಸಲ ಆಳವನ್ನು ಅಳೆದು ಬರೆದಿಡುತ್ತಿದ್ದವು. ಬ್ರಿಟನ್ನಿನ ಆಂತರಿಕ ಸುರಕ್ಷತಾ ಸಚಿವಾಲಯ ಇಂಥ 1,328 ಬಾಂಬುಗಳ ಲೆಕ್ಕ ಕಲೆಹಾಕಿತು. ಹೆಚ್ಚಿನವು ಲಂಡನ್ ಸುತ್ತಮುತ್ತಲಿನವು. ಅದರಿಂದ ಹೊರಬಂದ ಅಂಕಿಗಳನ್ನು ಬ್ರಿಟನ್ನಿನಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡುವ ಮುನ್ನ ಎಂಜಿನಿಯರುಗಳು ಇಂದಿಗೂ ನೋಡುತ್ತಾರೆ. 500 ಕಿಲೋ ತೂಕದ ಜರ್ಮನ್ ಬಾಂಬ್ ಮರಳು ಅಥವಾ ಜಲ್ಲಿ ನೆಲದಲ್ಲಿ ಸುಮಾರು 6 ಮೀಟರ್ ಇಳಿಯಬಹುದು. ಅದೇ ಬಾಂಬ್ ಜೇಡಿಮಣ್ಣಿನಲ್ಲಿ 11 ಮೀಟರ್. ನಿಜವಾಗಿ ಅಳೆದದ್ದರಲ್ಲಿ 500 ಕಿಲೋ ಬಾಂಬಿನ ಅತಿ ಹೆಚ್ಚಿನ ಆಳ 11.4 ಮೀಟರ್, ಒಂದು ಟನ್ ಬಾಂಬಿನದು 12.8 ಮೀಟರ್.

ತೂಕ ಇಮ್ಮಡಿಯಾದರೂ ದಾಖಲೆಯ ಆಳ ಹೆಚ್ಚಿದ್ದು ಒಂದೂವರೆ ಮೀಟರಿಗಿಂತ ಕಡಿಮೆ. ಮಣ್ಣು ಬದಲಾದರೆ ಆಳ ಹೆಚ್ಚುಕಡಿಮೆ ಇಮ್ಮಡಿ.

ಎರೆಹೊಲದಲ್ಲಿ ಮಳೆ ಬಂದ ಮರುದಿನ ಹಾರೆ ಊರಿದವರಿಗೂ ಬೇಸಿಗೆಯಲ್ಲಿ ಗರಸು ನೆಲಕ್ಕೆ ಹಾರೆ ಹಾಕಿದವರಿಗೂ ಇದರಲ್ಲಿ ಅರ್ಧ ಗೊತ್ತೇ ಇರುತ್ತದೆ. ಉಳಿದರ್ಧ ಬಾಂಬಿನ ವೇಗದಲ್ಲಿದೆ. ಐದು ಸಾವಿರ ಮೀಟರ್ ಎತ್ತರದಿಂದ ಬೀಳುವ ಬಾಂಬ್ ನೆಲ ಮುಟ್ಟುವಾಗ ಸೆಕೆಂಡಿಗೆ ಇನ್ನೂರೈವತ್ತು ಮೀಟರಿನ ಆಸುಪಾಸಿನಲ್ಲಿರುತ್ತದೆ. ನೆಲದೊಳಗಿನ ಇಡೀ ಪಯಣ ಮುಗಿಯಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಿಲ್ಲ. ಮರಳಿನ ಕಣಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುತ್ತವೆ. ಬಾಂಬಿನ ಮೂತಿ ತಳ್ಳಿದಂತೆಲ್ಲ ಇನ್ನಷ್ಟು ಬಿಗಿಯಾಗುತ್ತವೆ, ತಿಕ್ಕಾಟ ಹೆಚ್ಚುತ್ತದೆ, ವೇಗ ಬೇಗ ಸತ್ತುಹೋಗುತ್ತದೆ. ಒದ್ದೆ ಜೇಡಿಯ ಕಣಗಳ ನಡುವೆ ನೀರಿದೆ. ಅದು ಜಾರಿಹೋಗಲು ದಿನಗಟ್ಟಲೆ ಬೇಕು, ಇಲ್ಲಿ ಸಿಕ್ಕುವುದು ಕ್ಷಣದ ತುಣುಕು. ಹಾಗಾಗಿ ನೀರೂ ಮಣ್ಣೂ ಒಂದೇ ಮುದ್ದೆಯಾಗಿ ಪಕ್ಕಕ್ಕೆ ಸರಿಯುತ್ತವೆ. ಕಣಕ್ಕೆ ಕಣ ತಿಕ್ಕುವ ಸಂದರ್ಭವೇ ಬರುವುದಿಲ್ಲ. ಬಾಂಬ್ ಇಳಿಯುತ್ತಲೇ ಹೋಗುತ್ತದೆ. ಅದೇ ಜೇಡಿ ಒಣಗಿದ್ದರೆ, ಅಥವಾ ಚಳಿಗೆ ಹೆಪ್ಪುಗಟ್ಟಿದ್ದರೆ, ಕಥೆಯೇ ಬೇರೆ. ಒಂದೇ ಹೊಲದಲ್ಲಿ ಜನವರಿಯಲ್ಲಿ ಬಿದ್ದ ಬಾಂಬ್ ಒಂದು ಆಳದಲ್ಲಿ, ಏಪ್ರಿಲ್‌ನಲ್ಲಿ ಬಿದ್ದದ್ದು ಇನ್ನೊಂದು ಆಳದಲ್ಲಿ ಇರಬಹುದು.

ಇದಕ್ಕೆ ಗಣಿತ ಹುಡುಕಿದವರು ಹಳಬರು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲೇ ಫ್ರಾನ್ಸಿನ ಸೇನಾ ಎಂಜಿನಿಯರ್ ಪೊನ್ಸಲೆ ಫಿರಂಗಿ ಗುಂಡು ಮಣ್ಣಿನಲ್ಲಿ ಎಷ್ಟು ಇಳಿಯುತ್ತದೆಂದು ಸೂತ್ರ ಬರೆದಿದ್ದ. ನೆಪೋಲಿಯನ್ನನ ಜೊತೆ ರಷ್ಯಾಕ್ಕೆ ಹೋಗಿ ಸೆರೆಸಿಕ್ಕು, ಸರಾಟೋವ್‌ನ ಬಂಧನದಲ್ಲಿ ಪುಸ್ತಕವಿಲ್ಲದೆ ಜ್ಯಾಮಿತಿಯ ಹೊಸ ಶಾಖೆಯೊಂದನ್ನೇ ಕಟ್ಟಿದ ಮನುಷ್ಯ ಆತ.  1960ರ ದಶಕದಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಯಂಗ್ ಬೇರೆ ದಾರಿ ಹಿಡಿದ. ನೂರಾರು ಬಾರಿ ಲೋಹದ ಮೊನೆಗಳನ್ನು ನೆಲಕ್ಕೆ ಬೀಳಿಸಿ, ಆಳ ಅಳೆದು, ಪ್ರತಿಯೊಂದು ಮಣ್ಣಿಗೂ ಒಂದು ಅಂಕಿ ಕೊಟ್ಟ. ಅಂಕಿ ದೊಡ್ಡದಾದಷ್ಟೂ ಮಣ್ಣು ಹೆಚ್ಚು ದಾರಿ ಬಿಡುತ್ತದೆ. ಗಟ್ಟಿ ಬೆಸುಗೆಯ ಒಣ ಮರಳಿಗೆ 2ರಿಂದ 4, ಸಡಿಲ ಮರಳಿಗೆ 6ರಿಂದ 9, ತೇವದ ಮೆತ್ತನೆ ಜೇಡಿಗೆ 10ರಿಂದ 20, ನೀರು ಕುಡಿದು ನಿಂತ ಕೆಸರು ಜೇಡಿಗೆ 20ರಿಂದ 30. ಆಳ ಈ ಅಂಕಿಗೆ ನೇರ ಅನುಪಾತದಲ್ಲಿ ಏರುತ್ತದೆ. ಉಳಿದದ್ದೆಲ್ಲ ಒಂದೇ ಇದ್ದರೂ ಬರೀ ಮಣ್ಣು ಬದಲಾಯಿಸಿ ಆಳವನ್ನು ಐದಾರು ಪಟ್ಟು ಹಿಗ್ಗಿಸಬಹುದು ಎಂದಾಯಿತು.

ಬಾಂಬಿನ ಕಡೆಯಿಂದ ಲೆಕ್ಕಕ್ಕೆ ಬರುವುದು ವೇಗ, ಮೂತಿಯ ಆಕಾರ, ಮತ್ತು ಮೂತಿಯ ಅಗಲಕ್ಕೆ ಎಷ್ಟು ತೂಕವಿದೆ ಎಂಬುದು. ಜರ್ಮನಿಯ 50 ಕಿಲೋ ಬಾಂಬ್ 20 ಸೆಂಟಿಮೀಟರ್ ದಪ್ಪ, 500 ಕಿಲೋದ್ದು 47 ಸೆಂಟಿಮೀಟರ್. ತೂಕ ಹತ್ತು ಪಟ್ಟಾದರೂ ಒಂದೊಂದು ಚದರ ಸೆಂಟಿಮೀಟರಿನ ಹಿಂದಿರುವ ಭಾರ ಎರಡು ಪಟ್ಟೂ ಆಗುವುದಿಲ್ಲ. ದೊಡ್ಡ ಬಾಂಬುಗಳು ಭಾವಿಸಿದಷ್ಟು ಆಳಕ್ಕೆ ಹೋಗದಿರುವುದಕ್ಕೆ ಮುಖ್ಯ ಕಾರಣ ಇದೇ.

ಆಳ ಬೇಕೇ ಬೇಕೆಂದರೆ ಬಾಂಬನ್ನು ಉದ್ದಕ್ಕೆ, ಸಪೂರವಾಗಿ, ದಪ್ಪ ಉಕ್ಕಿನಿಂದ ಮಾಡಬೇಕು. 1991ರ ಕೊಲ್ಲಿ ಯುದ್ಧದ ಹೊತ್ತಿನಲ್ಲಿ ಅಮೆರಿಕ ಅವಸರದಲ್ಲಿ ಇಂಥದ್ದೊಂದನ್ನು ಮಾಡಿತು, ಹಳೆಯ ಹೊವಿಟ್ಜರ್ ಫಿರಂಗಿಗಳ ನಳಿಗೆ ಕೊರೆದು. ನೆವಾಡಾದ ಮರುಭೂಮಿಯಲ್ಲಿ ಪರೀಕ್ಷೆಗೆಂದು ಬೀಳಿಸಿದ ಮೊದಲನೆಯದು ನೂರು ಅಡಿಗೂ ಕೆಳಗೆ ಹೋಯಿತು. ಅದನ್ನು ಅಗೆದು ತೆಗೆಯುವ ಗೋಜಿಗೆ ಯಾರೂ ಹೋಗಲಿಲ್ಲ.

ಎರಡನೇ ಮಹಾಯುದ್ಧದ ಜರ್ಮನ್ನರಿಗೆ ಬೇಕಿದ್ದದ್ದು ಇದಕ್ಕೆ ತದ್ವಿರುದ್ಧ. ಊರಿನ ಮೇಲೆ ಹಾಕಿದ ಬಾಂಬ್ ಮಣ್ಣಿನಾಳದಲ್ಲಿ ಸಿಡಿದರೆ ಕಟ್ಟಡಗಳಿಗೆ ಪೆಟ್ಟು ಕಡಿಮೆ. ಆದ್ದರಿಂದ ಕೆಲವು ಬಾಂಬುಗಳ ಮೂತಿಯ ಸುತ್ತ ತ್ರಿಕೋನ ಅಂಚಿನ ಉಕ್ಕಿನ ಬಳೆಯೊಂದನ್ನು ಬೆಸೆದು, ನೆಲದೊಳಗೆ ನುಗ್ಗುವುದನ್ನು ತಡೆಯುತ್ತಿದ್ದರು. ಹೀಗಿರುವಾಗ ಒಂದೇ ತೂಕದ ಎರಡು ಬಾಂಬುಗಳಲ್ಲಿ ಒಂದಕ್ಕೆ ಬಳೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಪಕ್ಕಪಕ್ಕದಲ್ಲಿ ಬಿದ್ದರೂ ಒಂದೇ ಆಳದಲ್ಲಿ ಸಿಗಲಾರವು.

ಇನ್ನೊಂದು ತೊಡಕಿದೆ. ಸೂತ್ರಗಳು ಬಾಂಬ್ ನೆಟ್ಟಗೆ ಇಳಿಯುತ್ತದೆಂದು ನಂಬುತ್ತವೆ. ಬಾಂಬ್ ನೆಟ್ಟಗೆ ಇಳಿಯುವುದಿಲ್ಲ. ವಿಮಾನ ಮುಂದೆ ಹೋಗುತ್ತಿರುವಾಗ ಬಿಟ್ಟ ಬಾಂಬ್ ಸ್ವಲ್ಪ ಓರೆಯಾಗಿಯೇ ನೆಲ ಹೊಗುತ್ತದೆ. ಒಳಗೆ ಹೋದ ಮೇಲೆ ಮೂತಿಯ ಒಂದು ಬದಿಗೆ ಒತ್ತಡ ಹೆಚ್ಚಾಗಿ ದಾರಿ ಬಾಗುತ್ತದೆ. ವೇಗ ಇಳಿದಂತೆ ಇನ್ನೂ ಬಾಗಿ ಕೊನೆಗೆ ಅಡ್ಡಕ್ಕೆ ತಿರುಗುತ್ತದೆ, ಕೆಲವು ಸಲ ಮೂತಿ ಮೇಲಕ್ಕೆತ್ತಿಯೂ ನಿಲ್ಲುತ್ತದೆ. ಇಳಿದ ಆಳದ ಮೂರನೇ ಒಂದರಷ್ಟು ಪಕ್ಕಕ್ಕೆ ಸರಿದಿರುತ್ತದೆಂದು ಬಾಂಬ್ ತಂಡಗಳು ಹಿಡಿದುಕೊಳ್ಳುತ್ತವೆ. ಇನ್ನೂ ಹೆಚ್ಚು ಸರಿದದ್ದೂ ಉಂಟು. ರಸ್ತೆಯ ತೂತಿನ ನೇರ ಕೆಳಗೆ ಅಗೆದವರಿಗೆ ಏನೂ ಸಿಗದೆ, ಬಾಂಬ್ ಪಕ್ಕದ ಮನೆಯ ಪಾಯದಡಿ ಸಿಗುತ್ತಿದ್ದದ್ದು ಹೀಗೆ. 50 ಕಿಲೋ ಬಾಂಬಿನ ತೂತಾದರೋ ಒಂದು ಗೇಣು ಅಗಲವೂ ಇರುತ್ತಿರಲಿಲ್ಲ. ಆಗಲೇ ಕುಸಿದ ಮನೆಯ ಇಟ್ಟಿಗೆ ರಾಶಿಯಲ್ಲೋ ಎತ್ತರದ ಹುಲ್ಲಿನಲ್ಲೋ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಆಳದಲ್ಲಿ ಸಿಡಿದ ಬಾಂಬುಗಳದ್ದು ಬೇರೆ ಪೀಡೆ. ಮೇಲಿನ ಮಣ್ಣಿನ ಭಾರ ಎತ್ತಲಾಗದಷ್ಟು ಕೆಳಗೆ ಸಿಡಿದರೆ ನೆಲ ಬಿರಿಯುವುದಿಲ್ಲ. ಒಳಗೇ ಒಂದು ಗುಹೆಯಾಗಿ, ಅದರ ತುಂಬ ಕಾರ್ಬನ್ ಮೊನಾಕ್ಸೈಡ್ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಅದೇ ಚಿಕ್ಕ ತೂತು. ಸಿಡಿಯದ ಬಾಂಬೆಂದು ಅಗೆಯಲು ಇಳಿದವರನ್ನು ನೆಲ ಕುಸಿದು ನುಂಗಬಹುದಿತ್ತು, ಇಲ್ಲವೇ ವಾಸನೆಯಿಲ್ಲದ ಆ ಅನಿಲ ಕೊಲ್ಲಬಹುದಿತ್ತು.

ಮಣ್ಣಿನ ಪದರ ಒಂದು ಊರಿನ ಹಣೆಬರಹವನ್ನೇ ಬರೆದದ್ದನ್ನು ನೋಡಬೇಕೆಂದರೆ ಬರ್ಲಿನ್ನಿನ ಉತ್ತರಕ್ಕಿರುವ ಒರಾನಿಯನ್‌ಬುರ್ಗ್‌ಗೆ ಹೋಗಬೇಕು. ಅಲ್ಲಿನ ಆವರ್ ಕಂಪನಿಯ ಕಾರ್ಖಾನೆ ಯುರೇನಿಯಂ ಸಂಸ್ಕರಿಸುತ್ತಿತ್ತು. ಸೋವಿಯತ್ ಸೇನೆ ಹತ್ತಿರವಾಗುತ್ತಿತ್ತು. ಅದು ಅವರ ಕೈಗೆ ಸಿಗಬಾರದೆಂದು ಅಮೆರಿಕದ ಅಣುಬಾಂಬ್ ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ ದಾಳಿಗೆ ಕೇಳಿಕೊಂಡರು. 1945ರ ಮಾರ್ಚ್ 15ರಂದು ಆರುನೂರಕ್ಕೂ ಹೆಚ್ಚು ವಿಮಾನಗಳು ಬಂದು ಸುಮಾರು 1,500 ಟನ್ ಬಾಂಬ್ ಸುರಿದವು.

ಅವುಗಳಲ್ಲಿ ಸಾವಿರಾರು ಬಾಂಬುಗಳಿಗೆ ತಡವಾಗಿ ಸಿಡಿಯುವ ರಾಸಾಯನಿಕ ಫ್ಯೂಸ್ ಹಾಕಿದ್ದರು. ಒಂದು ಗಂಟೆಯಿಂದ ಆರು ದಿನದವರೆಗೆ ಯಾವಾಗ ಬೇಕಾದರೂ ಸಿಡಿಯುವಂತೆ. ಉದ್ದೇಶ, ಬೆಂಕಿ ಆರಿಸಲು ಬಂದವರನ್ನೂ ದುರಸ್ತಿಗೆ ಬಂದವರನ್ನೂ ಹತ್ತಿರ ಬರಗೊಡದಿರುವುದು. ರಚನೆ ಸರಳ. ಫ್ಯೂಸ್ ಬಾಂಬಿನ ಬಾಲದಲ್ಲಿದೆ. ಬೀಳುವಾಗ ಗಾಳಿಗೆ ಒಂದು ಪುಟ್ಟ ಫ್ಯಾನ್ ತಿರುಗಿ ತಿರುಪನ್ನು ಒಳಗೆ ಒತ್ತುತ್ತದೆ, ಅಸಿಟೋನ್ ತುಂಬಿದ ಗಾಜಿನ ಕುಪ್ಪಿ ಒಡೆಯುತ್ತದೆ. ಅಸಿಟೋನ್ ಕೆಳಗೆ ತೊಟ್ಟಿಕ್ಕಿ ಸೆಲ್ಯುಲಾಯ್ಡ್ ಬಿಲ್ಲೆಗಳನ್ನು ಕರಗಿಸುತ್ತದೆ. ಸ್ಪ್ರಿಂಗ್ ಎಳೆದು ನಿಂತ ಸೂಜಿಯನ್ನು ಹಿಡಿದಿಟ್ಟದ್ದು ಆ ಬಿಲ್ಲೆಗಳೇ. ಅವು ಸಡಿಲವಾದ ಗಳಿಗೆ ಸೂಜಿ ಹೊಡೆಯುತ್ತದೆ.

ಎಲ್ಲವೂ ನಿಂತಿರುವುದು ಆ ಒಂದು ಮಾತಿನ ಮೇಲೆ: ಅಸಿಟೋನ್ ಕೆಳಗೆ ತೊಟ್ಟಿಕ್ಕಬೇಕು. ಅದಕ್ಕೆ ಬಾಂಬ್ ಮೂತಿ ಕೆಳಗಾಗಿ ನಿಂತಿರಬೇಕು. ಒರಾನಿಯನ್‌ಬುರ್ಗ್‌ನ ನೆಲದಲ್ಲಿ ಮೇಲೆ ಮೆತ್ತನೆಯ ಮರಳಿದೆ, ಅದರ ಕೆಳಗೆ ಗಟ್ಟಿ ಜಲ್ಲಿಯ ಪದರ. ಬಾಂಬುಗಳು ಮರಳನ್ನು ಸೀಳಿ ಇಳಿದವು, ಜಲ್ಲಿಗೆ ಬಡಿದು ಪುಟಿದವು, ತಿರುಗಿ ಮೂತಿ ಮೇಲಾಗಿ ನಿಂತವು. ಅಸಿಟೋನ್ ಬಿಲ್ಲೆಗಳ ಕಡೆ ಹರಿಯದೆ ಬಾಲದ ಕಡೆ ಇಳಿಯಿತು. ಬರೀ ಅದರ ಆವಿ ಬಿಲ್ಲೆಗಳನ್ನು ಮುಟ್ಟಿತು. ಕೆಲವೇ ದಿನಗಳಲ್ಲಿ ಮುಗಿಯಬೇಕಿದ್ದ ಕೆಲಸ ಎಂಟು ದಶಕಗಳಿಂದ ನಡೆಯುತ್ತಿದೆ. ಸೆಲ್ಯುಲಾಯ್ಡ್ ತಾನಾಗಿಯೇ ಹಳತಾಗಿ ಪೆಡಸಾಗುತ್ತಿದೆ. ಹೊರಗಿನಿಂದ ಯಾರೂ ಮುಟ್ಟದಿದ್ದರೂ ಸಿಡಿಯಬಲ್ಲ ಬಾಂಬುಗಳಿವು. ಪಟ್ಟಣದಲ್ಲಿ 1990ರ ದಶಕದಿಂದೀಚೆಗೆ ಇನ್ನೂರಕ್ಕೂ ಹೆಚ್ಚು ಬಾಂಬುಗಳನ್ನು ತೆಗೆದಿದ್ದಾರೆ. ಅಂತರ್ಜಲ ಮೇಲೆಯೇ ಇರುವುದರಿಂದ ಪ್ರತಿ ಗುಂಡಿಗೂ ಮೊದಲು ಸುತ್ತ ಬಾವಿ ಕೊರೆದು ನೀರು ಬಸಿಯಬೇಕು.

ಜರ್ಮನಿಯ ಬೇರೆಡೆಯೂ ಇಂಥವು ಇವೆ. 2010ರ ಜೂನ್‌ನಲ್ಲಿ ಗೊಟ್ಟಿಂಗನ್‌ನಲ್ಲಿ 7 ಮೀಟರ್ ಆಳದಲ್ಲಿ ಸಿಕ್ಕ ಇಂಥದೇ ಫ್ಯೂಸಿನ ಬಾಂಬ್, ನಿಷ್ಕ್ರಿಯಗೊಳಿಸುವ ತಯಾರಿ ನಡೆದಿರುವಾಗಲೇ ಸಿಡಿದು ಮೂವರು ಅನುಭವಿಗಳನ್ನು ಕೊಂದಿತು. 2019ರ ಜೂನ್‌ನಲ್ಲಿ ಲಿಂಬುರ್ಗ್ ಬಳಿಯ ಬಾರ್ಲಿ ಹೊಲವೊಂದರಲ್ಲಿ ನಸುಕಿನ ಜಾವ ಬಾಂಬೊಂದು ತನ್ನಷ್ಟಕ್ಕೆ ಸಿಡಿದು ಹತ್ತು ಮೀಟರ್ ಅಗಲ, ನಾಲ್ಕು ಮೀಟರ್ ಆಳದ ಕುಳಿ ತೋಡಿತು. ಸದ್ಯ, ಹೊಲದಲ್ಲಿ ಯಾರೂ ಇರಲಿಲ್ಲ.

ಮೆತ್ತನೆ ನೆಲ ಬಾಂಬನ್ನು ಆಳಕ್ಕೆ ಬಿಟ್ಟುಕೊಳ್ಳುವುದಲ್ಲದೆ, ಅದು ಸಿಡಿಯದಂತೆಯೂ ಮಾಡುತ್ತದೆ. ಬಡಿತದಿಂದ ಕೆಲಸ ಮಾಡುವ ಫ್ಯೂಸಿಗೆ ಗಟ್ಟಿ ಬಡಿತ ಬೇಕು. ಕೆಸರು ಅದನ್ನು ಕೊಡುವುದಿಲ್ಲ. 1917ರಲ್ಲಿ ಬೆಲ್ಜಿಯಮ್ಮಿನ ಪಾಷನ್‌ಡೇಲ್ ಕದನದಲ್ಲಿ ಆದದ್ದು ಇದೇ. ತಿಂಗಳುಗಟ್ಟಲೆ ಶೆಲ್ ದಾಳಿಗೆ ಆ ತಗ್ಗು ಪ್ರದೇಶದ ಚರಂಡಿ ಕಾಲುವೆಗಳೆಲ್ಲ ಒಡೆದುಹೋದವು, ಮೇಲೆ ಬಿಡದ ಮಳೆ. ಶೆಲ್‌ಗಳು ಕೆಸರಿನಲ್ಲಿ ಹೂತುಹೋದವು. ಸಿಡಿದವೂ ಒಳಗೆ ಹೂತ ಮೇಲೆ ಸಿಡಿದು ಬರೀ ಮಣ್ಣನ್ನು ಮೇಲೆಸೆದವು.  ಉಳಿದ ಶೆಲ್‌ಗಳನ್ನು ಈಗ ರೈತರ ನೇಗಿಲು ಮೇಲೆತ್ತುತ್ತಿದೆ. ನೇಗಿಲಿಗೆ ಸಿಗುವಷ್ಟು ಮೇಲಕ್ಕೆ ಅವು ಬರುವುದರಲ್ಲಿ ಚಳಿಗಾಲದ ಪಾಲೂ ಇದೆ: ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬುವಾಗ ಗಟ್ಟಿ ವಸ್ತುಗಳನ್ನು ಕೂದಲೆಳೆಯಷ್ಟು ಎತ್ತುತ್ತದೆ, ಕರಗುವಾಗ ಕೆಳಗಿನ ಪೊಳ್ಳಿಗೆ ಮಣ್ಣು ಸೇರಿಕೊಳ್ಳುತ್ತದೆ. ನೂರು ಚಳಿಗಾಲಕ್ಕೆ ಅದು ಸಣ್ಣ ದೂರವಲ್ಲ. ಬೆಲ್ಜಿಯನ್ ಸೇನೆಯ ತಂಡ ಇಂದಿಗೂ ವರ್ಷಕ್ಕೆ ನೂರೈವತ್ತು ಟನ್ನಿನ ಮೇಲೆ ಹಳೆಯ ಮದ್ದುಗುಂಡು ಕೂಡಿಸುತ್ತದೆ. ಅದರಲ್ಲಿ ವಿಷಾನಿಲದ ಶೆಲ್‌ಗಳೂ ಇವೆ.

ಅಂದರೆ ಬಿದ್ದ ದಿನದ ಆಳವೇ ಇಂದಿನ ಆಳವಲ್ಲ. ಯುರೋಪಿನ ನಗರಗಳಲ್ಲಿ ಇದು ಉಲ್ಟಾ ದಿಕ್ಕಿನಲ್ಲೂ ನಡೆದಿದೆ. ಯುದ್ಧದ ನಂತರ ಕುಸಿದ ಮನೆಗಳ ಅವಶೇಷವನ್ನೇ ಹರಡಿ ನೆಲ ಎತ್ತರಿಸಿದರು. ಆಗ 4 ಮೀಟರ್ ಕೆಳಗಿದ್ದ ಬಾಂಬ್ ಈಗ ಆರರಲ್ಲಿ ಇರಬಹುದು. ಆಳವನ್ನು 1940ರ ನೆಲಮಟ್ಟದಿಂದ ಎಣಿಸಬೇಕೇ ಹೊರತು ಇವತ್ತಿನದರಿಂದಲ್ಲ, ಎಂದು ಈ ಕೆಲಸದವರು ಮತ್ತೆ ಮತ್ತೆ ಹೇಳುವುದು ಇದಕ್ಕೇ. ನದಿಗಳದ್ದು ಇನ್ನೊಂದು ಬಗೆ. 2011ರಲ್ಲಿ ರೈನ್ ನದಿ ಬತ್ತಿದಾಗ ಕೊಬ್ಲೆನ್ಸ್ ಬಳಿ 1.8 ಟನ್ನಿನ ಬ್ರಿಟಿಷ್ ಬಾಂಬ್ ಕಂಡದ್ದು ಬರೀ ಮೊಣಕಾಲುದ್ದದ ನೀರಿನಲ್ಲಿ. 45,000 ಜನರನ್ನು ಮನೆ ಬಿಡಿಸಬೇಕಾಯಿತು. ತೆಳು ತಗಡಿನ, ಮೊಂಡು ಮೂತಿಯ ಡ್ರಮ್ಮಿನ ಆಕಾರದ ಅಂಥ ಬಾಂಬುಗಳು ತೂಕಕ್ಕೆ ತಕ್ಕಂತೆ ಆಳಕ್ಕೆ ಹೋಗುವುದೇ ಇಲ್ಲ.

ಕಬ್ಬಿಣ ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಲ್ಲಿ ಕದಡುವುದರಿಂದ ಹುಡುಕಾಟಕ್ಕೆ ಮ್ಯಾಗ್ನೆಟೋಮೀಟರ್ ಬಳಸುತ್ತಾರೆ. ನೆಲದ ಮೇಲೆ ನಡೆಸಿದರೆ ಅದರ ಕಣ್ಣು ದೊಡ್ಡ ಬಾಂಬಿಗೂ ಕೆಲವೇ ಮೀಟರ್ ಇಳಿಯುತ್ತದೆ. 11 ಮೀಟರ್ ಜೇಡಿಯಡಿ ಇರುವುದನ್ನು ಕಾಣಬೇಕೆಂದರೆ ಸಾಲಾಗಿ ರಂಧ್ರ ಕೊರೆದು ಉಪಕರಣವನ್ನೇ ಒಳಗಿಳಿಸಬೇಕು. ಎಲ್ಲಿ ಕೊರೆಯಬೇಕೆಂದು ಹೇಳಲು ಜರ್ಮನಿಯಲ್ಲಿ ಮಿತ್ರಪಡೆಗಳು ದಾಳಿಯ ನಂತರ ತೆಗೆದ ವೈಮಾನಿಕ ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ: ದೊಡ್ಡ ಕುಳಿಗಳ ನಡುವೆ ಒಂದು ಚಿಕ್ಕ ಕಪ್ಪು ಚುಕ್ಕೆ ಇದ್ದರೆ ಅದು ಸಿಡಿಯದೆ ಒಳಹೊಕ್ಕ ಬಾಂಬಿನ ಬಾಗಿಲು.

ಇಷ್ಟೆಲ್ಲ ಆಳದ ಮಾತಾಡಿದ ಮೇಲೆ ಹೇಳಲೇಬೇಕಾದದ್ದು, ಜನರನ್ನು ಹೆಚ್ಚು ಕೊಲ್ಲುವುದು ಆಳದವಲ್ಲ. ಲಾವೋಸ್ ಮೇಲೆ 1964ರಿಂದ 1973ರವರೆಗೆ ಅಮೆರಿಕ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬ್ ಸುರಿಯಿತು. ಕ್ಲಸ್ಟರ್ ಬಾಂಬುಗಳೊಳಗಿನ ಮುಷ್ಟಿ ಗಾತ್ರದ ಗುಂಡುಗಳೇ 27 ಕೋಟಿ. ಅವುಗಳಲ್ಲಿ ಸುಮಾರು 8 ಕೋಟಿ ಸಿಡಿಯದೆ ಉಳಿದವೆಂದು ಅಂದಾಜು. ಹಗುರವಾದ ಇವು ಗದ್ದೆಯ ಕೆಸರಿನಲ್ಲೂ ಕೆಲವು ಬೆರಳಿನಷ್ಟೇ ಇಳಿಯುತ್ತವೆ. ಗುದ್ದಲಿ ತಾಕುವ ಆಳ ಅದೇ. ಗೊತ್ತಿಲ್ಲದೆ ಅದರ ಮೇಲೆ ಒಲೆ ಹೂಡಿದರೆ ಬೆಂಕಿಯ ಕಾವು ತಲುಪುವ ಆಳವೂ ಅದೇ. ಅಲ್ಲಿ ಬೇಸಾಯದ ಜಮೀನನ್ನು ಸಾಮಾನ್ಯವಾಗಿ 25 ಸೆಂಟಿಮೀಟರ್ ಆಳದವರೆಗೆ ಶೋಧಿಸಿ ರೈತರಿಗೆ ಬಿಟ್ಟುಕೊಡುತ್ತಾರೆ. ಲಂಡನ್ನಿನ ಪಾಯಕ್ಕೆ ಹನ್ನೆರಡು ಮೀಟರ್, ಲಾವೋಸಿನ ಭತ್ತಕ್ಕೆ ಒಂದು ಗೇಣು. ಹಣದ ವ್ಯತ್ಯಾಸ ಇದರಲ್ಲಿಲ್ಲವೆಂದು ನಾನು ಹೇಳಲಾರೆ. ಆದರೆ ಆ ಒಂದು ಗೇಣಿನ ಲೆಕ್ಕ ತಪ್ಪೇನಲ್ಲ. ಸಾವು ಇರುವುದು ಅಲ್ಲೇ.

ನಮ್ಮ ದೇಶದಲ್ಲೂ ಇಂಥ ನೆಲವಿದೆ. ಮಣಿಪುರ, ನಾಗಾಲ್ಯಾಂಡಿನಲ್ಲಿ 1944ರ ಯುದ್ಧದ ಶೆಲ್‌ಗಳು ಮನೆ ಕಟ್ಟಲು ಅಗೆಯುವಾಗ ಈಗಲೂ ಸಿಗುತ್ತವೆ. ಪೋಖ್ರಾನ್ ಗುಂಡು ಹಾರಿಸುವ ಮೈದಾನದ ಅಂಚಿನಲ್ಲಿ ಗುಜರಿಗೆಂದು ಲೋಹ ಆಯಲು ಹೋದವರು ಸತ್ತಿದ್ದಾರೆ. ಅಲ್ಲಿ ಮರಳನ್ನು ಗಾಳಿ ಸರಿಸುತ್ತದೆ, ನಿನ್ನೆ ಮುಚ್ಚಿದ್ದು ಇಂದು ತೆರೆದಿರುತ್ತದೆ. ಕಾಶ್ಮೀರದ ತೋಸಾ ಮೈದಾನ್ ಅರ್ಧ ಶತಮಾನ ಸೇನೆಯ ಫಿರಂಗಿ ತಾಲೀಮಿನ ಹುಲ್ಲುಗಾವಲಾಗಿತ್ತು. 2014ರಲ್ಲಿ ಗುತ್ತಿಗೆ ಮುಗಿದು, ಸೇನೆ ಶೋಧಿಸಿ ಬಿಟ್ಟುಕೊಟ್ಟ ಮೇಲೆ ಪ್ರವಾಸಿಗರಿಗೆ ತೆರೆಯಿತು. ಆದರೆ ಹಿಮ ಕರಗಿದಾಗ, ಮಳೆ ಕೊಚ್ಚಿದಾಗ ಮೆತ್ತನೆ ಮಣ್ಣಿನಿಂದ ಉಳಿದವು ಹೊರಬರುತ್ತವೆ. ಕರ್ನಾಟಕದಿಂದ ಕಾಶ್ಮೀರಕ್ಕೆ ಹೋಗುವವರೂ ಇದ್ದಾರೆ. ಅಂಥ ಕಡೆ ನಡೆಯುವಾಗ ಕಾಲುದಾರಿ ಬಿಡಬೇಡಿ. ತುಕ್ಕು ಹಿಡಿದ ಲೋಹದ ತುಂಡು ಕಂಡರೆ ಎತ್ತಬೇಡಿ, ಒದೆಯಬೇಡಿ, ಫೋಟೋಗೆಂದು ಹತ್ತಿರವೂ ಹೋಗಬೇಡಿ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ಪೊಲೀಸರಿಗೆ ತಿಳಿಸಿ.